ಲೋಕಾಪುರದ ಕಲ್ಲಿಗೆ ಉಕ್ಕಿನ ಕಾರ್ಖಾನೆಯಿಂದ ಹಣ ಬರುವ ದಾರಿ

ಉಕ್ಕಿನ ಕಾರ್ಖಾನೆಗೆ ಡೋಲೊಮೈಟ್, ಸುಣ್ಣದಕಲ್ಲು ಕಳಿಸುವ ಲೋಕಾಪುರದಂಥ ಬಾಗಲಕೋಟೆ ಜಿಲ್ಲೆಯ ಊರುಗಳ ಆಫೀಸುಗಳಲ್ಲಿ ಹಣ ತಡವಾದರೆ ಮೊದಲ ಫೋನ್ ಹೋಗುವುದು ಕಾರ್ಖಾನೆಯ ಪೇಮೆಂಟ್ ಸೆಕ್ಷನ್‌ಗೆ. ಅಲ್ಲಿಂದ ಬರುವ ಉತ್ತರ: "ನಮ್ಮ ಕಡೆ ಏನೂ ಬಾಕಿ ಇಲ್ಲರೀ ಸರ." ಅದು ಸುಳ್ಳಲ್ಲ. ಬಿಲ್ ಅವರ ತನಕ ಬಂದೇ ಇರುವುದಿಲ್ಲ. ಗೇಟು, ಕಾಟಾ (ಲಾರಿ ತೂಗುವ ಜಾಗ), ಲ್ಯಾಬು, ಸ್ಟೋರ್ಸು, ಬಿಲ್ ಪಾಸಿಂಗು ಇಷ್ಟನ್ನೂ ದಾಟಿದ ಮೇಲೆ ಪೇಮೆಂಟು. ಹಣ ನಿಲ್ಲುವುದು ಹೆಚ್ಚಾಗಿ ಮೊದಲ ನಾಲ್ಕು ಜಾಗಗಳ ತಪ್ಪಿನಿಂದ. ಕಾಗದದ ಕಾಲದಿಂದ ಪೋರ್ಟಲ್ ಕಾಲದವರೆಗೆ ಈ ದಾರಿಯನ್ನು ಕಳಿಸುವವರ ಕಡೆಯಿಂದಲೂ ಕೊಡುವವರ ಕಡೆಯಿಂದಲೂ ನೋಡಿದವರು ನಾವು. ಕಾರ್ಖಾನೆಯ ಹೆಸರು ಇಲ್ಲಿ ಬೇಡ. ದೊಡ್ಡ ಕಾರ್ಖಾನೆಗಳಲ್ಲಿ ಪದ್ಧತಿ ಹೆಚ್ಚುಕಡಿಮೆ ಒಂದೇ.

ಮೊದಲು ಗಾತ್ರದ ಮಾತು. ಬ್ಲಾಸ್ಟ್ ಫರ್ನೇಸ್ ದಾರಿಯಲ್ಲಿ 1 ಟನ್ ಕಚ್ಚಾ ಉಕ್ಕಿಗೆ ಸುಮಾರು 1,370 ಕೆಜಿ ಕಬ್ಬಿಣದ ಅದಿರು, 780 ಕೆಜಿ ಕಲ್ಲಿದ್ದಲು, 270 ಕೆಜಿ ಸುಣ್ಣದಕಲ್ಲು ಬೇಕು ಎನ್ನುವುದು ವಿಶ್ವ ಉಕ್ಕು ಸಂಘದ ಲೆಕ್ಕ. ವರ್ಷಕ್ಕೆ 1 ಕೋಟಿ ಟನ್ ಉಕ್ಕು ಮಾಡುವ ಕಾರ್ಖಾನೆಗೆ ಈ ಲೆಕ್ಕದಲ್ಲಿ ಸುಣ್ಣದಕಲ್ಲೇ 27 ಲಕ್ಷ ಟನ್. ಅಷ್ಟನ್ನೂ 30 ಟನ್ನಿನ ಲಾರಿಯಲ್ಲಿ ತಂದರೆ 90,000 ಲೋಡು, ದಿನಕ್ಕೆ ಇನ್ನೂರೈವತ್ತರ ಹತ್ತಿರ. ಪ್ರತಿ ಲೋಡಿಗೂ ಒಂದು ಇನ್‌ವಾಯ್ಸು, ಎರಡು ತೂಕ, ಒಂದು ಬಾಡಿಗೆ ಬಿಲ್ಲು. ಅದಿರು, ಕಲ್ಲಿದ್ದಲು, ಅಗ್ನಿ ಇಟ್ಟಿಗೆ, ಬಿಡಿಭಾಗ, ಕಂತ್ರಾಟು ಕೂಲಿ ಇವೆಲ್ಲ ಬೇರೆ. ಇಷ್ಟನ್ನು ಗುಮಾಸ್ತರು ಕಣ್ಣಿಂದ ನೋಡಿ ಪಾಸ್ ಮಾಡುವ ಪದ್ಧತಿ ಯಾವತ್ತೋ ಒಂದು ದಿನ ಮುರಿಯಲೇಬೇಕಿತ್ತು.

ಕಾಗದದ ಕಾಲದಲ್ಲಿ ಬಿಲ್ ಅಂದರೆ ಒಂದು ಕಟ್ಟು. ಇನ್‌ವಾಯ್ಸಿನ ನಾಲ್ಕೈದು ಪ್ರತಿ, ನಮ್ಮ ಕಾಟಾ ಚೀಟಿ, ಅವರ ಕಾಟಾ ಚೀಟಿ, ಗಣಿ ಇಲಾಖೆಯ ಪರ್ಮಿಟ್, ಎಲ್‌ಆರ್ (ಲಾರಿಯವರ ಸಾಗಣೆ ರಶೀದಿ), ಲ್ಯಾಬ್ ರಿಪೋರ್ಟು, ಸ್ಟೋರ್ಸಿನವರು ಬರೆದ ಜಿಆರ್‌ಎನ್ (ಮಾಲು ಬಂತು ಎನ್ನುವ ದಾಖಲೆ). ಹದಿನೈದು ದಿನದ ಲಾರಿಗಳ ಪಟ್ಟಿ ಮಾಡಿ, ಸರಾಸರಿ ಗುಣಮಟ್ಟ ಹಾಕಿ, ಒಟ್ಟಿಗೇ ಮಂಡಿಸುವುದು ರೂಢಿ. ಆ ಕಟ್ಟನ್ನು ರಾತ್ರಿ ಬಸ್ಸಿನಲ್ಲಿ ಒಯ್ದು, ಸ್ಟೋರ್ಸಿನಿಂದ ಲ್ಯಾಬಿಗೆ, ಲ್ಯಾಬಿನಿಂದ ಫೈನಾನ್ಸಿಗೆ ಕೈಯಾರೆ ದಾಟಿಸುವುದಕ್ಕೆ ಸಪ್ಲೈಯರ್‌ಗಳು ಒಬ್ಬ ಹುಡುಗನನ್ನು ಇಟ್ಟಿರುತ್ತಿದ್ದರು. ಅವನಿಗೆ ಅಕೌಂಟ್ಸ್ ಬರಬೇಕಿರಲಿಲ್ಲ. ಯಾವ ಕ್ಲರ್ಕು ಎಷ್ಟು ಹೊತ್ತಿಗೆ ಊಟಕ್ಕೆ ಏಳುತ್ತಾರೆ ಎನ್ನುವುದು ಗೊತ್ತಿದ್ದರೆ ಸಾಕಿತ್ತು.

ಬೆಳಗಾವಿ ಉದ್ಯಮಬಾಗದ ಫೌಂಡ್ರಿಗಳ ಪಾಡು ಇನ್ನೊಂದು ಥರ. ಎರಕದ ಮಾಲಿಗೆ ಆಗ ಎಕ್ಸೈಜ್, ಅಂದರೆ ಉತ್ಪಾದನೆಯ ಮೇಲಿನ ಕೇಂದ್ರದ ತೆರಿಗೆ, ಇತ್ತು. ಇನ್‌ವಾಯ್ಸಿನಲ್ಲಿ ‘ಡೂಪ್ಲಿಕೇಟ್ ಫಾರ್ ಟ್ರಾನ್ಸ್‌ಪೋರ್ಟರ್’ ಎಂದು ಮುದ್ರಿಸಿದ ಪ್ರತಿಯೇ ಕಾರ್ಖಾನೆ ಸೆನ್‌ವ್ಯಾಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ಎಕ್ಸೈಜನ್ನು ತನ್ನ ತೆರಿಗೆಯಲ್ಲಿ ಕಳೆದುಕೊಳ್ಳುವ ಹಕ್ಕು) ತೆಗೆದುಕೊಳ್ಳುವ ಆಧಾರ. ಡ್ರೈವರ್ ಅದನ್ನು ಕಳೆದರೆ ಮಾಲಿನ ಹಣ ಬರುತ್ತಿತ್ತು, ಎಕ್ಸೈಜಿನ ಪಾಲು ತಡೆಹಿಡಿದು ಕೂರುತ್ತಿತ್ತು. ಹೊರರಾಜ್ಯದ ಕಾರ್ಖಾನೆಯಾದರೆ ಮೇಲೊಂದು ಸಿ ಫಾರ್ಮು. ಅದು ಕೈಗೆ ಬರದಿದ್ದರೆ ರಿಯಾಯಿತಿ ದರದ ಸಿಎಸ್‌ಟಿ (ರಾಜ್ಯದಿಂದ ರಾಜ್ಯಕ್ಕೆ ಮಾರುವ ಮಾಲಿನ ತೆರಿಗೆ) ಹೋಗಿ ಪೂರ್ತಿ ತೆರಿಗೆ ಮಾರಿದವರ ತಲೆಗೆ. ಹಣ ಬಂದ ಮೇಲೂ ಎರಡು ವರ್ಷ ಫಾರ್ಮಿಗಾಗಿ ಪತ್ರ ಬರೆಯುವುದು ಆಗ ಮಾಮೂಲು.

ಈಆರ್‌ಪಿ (ಖರೀದಿ, ಸ್ಟೋರ್ಸು, ಲೆಕ್ಕ ಎಲ್ಲ ಒಂದೇ ಕಡೆ ನಡೆಸುವ ಸಾಫ್ಟ್‌ವೇರ್) ಬಂದ ಮೇಲೆ ಬದಲಾದದ್ದು ಮೂಲದಲ್ಲಿ ಒಂದೇ: ಮೂರು ದಾಖಲೆಗಳ ತಾಳೆಯನ್ನು ಮನುಷ್ಯರ ಬದಲು ಯಂತ್ರ ಮಾಡತೊಡಗಿತು. ಪರ್ಚೇಸ್ ಆರ್ಡರಿನ ದರ, ಜಿಆರ್‌ಎನ್‌ನ ಪ್ರಮಾಣ, ಇನ್‌ವಾಯ್ಸಿನ ಮೊತ್ತ. ಮೂರೂ ಹೊಂದಿದರೆ ಬಿಲ್ ‘ಪೋಸ್ಟ್’. ಮಿತಿ ಮೀರಿ ತಪ್ಪಿದರೆ ‘ಬ್ಲಾಕ್’. ಗುಮಾಸ್ತರು ಮೊದಲಾದರೆ ನೂರಿನ್ನೂರು ರೂಪಾಯಿ ವ್ಯತ್ಯಾಸವನ್ನು ಕೆಂಪು ಶಾಯಿಯಲ್ಲಿ ಕಡಿದು ಮುಂದೆ ಕಳಿಸುತ್ತಿದ್ದರು. ಯಂತ್ರಕ್ಕೆ ಆ ಧಾರಾಳ ಇಲ್ಲ. ಅಲ್ಲಿಂದೀಚೆಗೆ ತಪ್ಪು ಹುಡುಕಿ ಸರಿಪಡಿಸುವ ಕೆಲಸ ನಿಧಾನವಾಗಿ ಕಾರ್ಖಾನೆಯ ಬಿಲ್ ಸೆಕ್ಷನ್ ಬಿಟ್ಟು ಸಪ್ಲೈಯರ್ ಆಫೀಸಿಗೆ ಸರಿದಿದೆ. ಆಮೇಲೆ ಬಂದ ಜಿಎಸ್‌ಟಿ, ಇ-ಇನ್‌ವಾಯ್ಸು, ಪೋರ್ಟಲು ಎಲ್ಲವೂ ಅದನ್ನೇ ಮುಂದುವರಿಸಿದವು.

ಒಂದು ಲಾರಿಯ ಲೆಕ್ಕ ನೋಡಿ. ಆರ್ಡರು ಹೀಗಿದೆ ಎಂದುಕೊಳ್ಳಿ: ದರ ಟನ್ನಿಗೆ 850 ರೂ., ಹಣ ಕಾರ್ಖಾನೆಯ ಕಾಟಾ ತೂಕಕ್ಕೆ, ತೇವಾಂಶ ಶೇ 1ರ ತನಕ ಮಾಫಿ, ಹೆಚ್ಚಾದದ್ದು ತೂಕದಲ್ಲಿ ಕಡಿತ, ದಾರಿಯ ಕೊರತೆ ಶೇ 0.5ಕ್ಕಿಂತ ಹೆಚ್ಚಾದರೆ ಲಾರಿಯವರಿಂದ ವಸೂಲಿ. ನಮ್ಮ ಕಾಟಾದಲ್ಲಿ 30.240 ಟನ್, ಇನ್‌ವಾಯ್ಸು 25,704 ರೂ. ಅವರ ಕಾಟಾದಲ್ಲಿ 30.080. ಕೊರತೆ 160 ಕೆಜಿ, ಮಾಫಿಯ ಮಿತಿ 151 ಕೆಜಿ, ಉಳಿದ 9 ಕೆಜಿ ಬಾಡಿಗೆಯಲ್ಲಿ ಕಡಿತ. ಲ್ಯಾಬಿನಲ್ಲಿ ತೇವಾಂಶ ಶೇ 2 ಬಂತು. ಹೆಚ್ಚಿನ ಶೇ 1, ಅಂದರೆ 301 ಕೆಜಿ ಕಡಿದು ಪಾವತಿ ತೂಕ 29.779 ಟನ್, ಮೊತ್ತ 25,312.15. ಇನ್‌ವಾಯ್ಸಿಗೂ ಇದಕ್ಕೂ 391.85 ರೂ. ಅಂತರ, ಅದರ ಮೇಲಿನ ಶೇ 5 ಜಿಎಸ್‌ಟಿ 19.59. ಒಂದು ಲಾರಿಗೆ ಇದು ಚಹಾ-ನಾಷ್ಟಾದ ಹಣ. ದಿನಕ್ಕೆ 40 ಲಾರಿ ಹೋದರೆ ಹದಿನೈದು ಸಾವಿರ ದಾಟುತ್ತದೆ.

ಈ ಅಂತರ ಎರಡು ಕಡೆ ಹುಟ್ಟುತ್ತದೆ, ಎರಡಕ್ಕೂ ಔಷಧ ಬೇರೆ. ತೂಕದ ಅಂತರ ದಿನಾ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ಬಂದರೆ ಕಾಟಾ ತಪ್ಪು. ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಬಂದರೆ ಟೇರ್ ತೂಕದ ತಪ್ಪು: ಖಾಲಿ ಲಾರಿ ತೂಗುವಾಗ ಡೀಸೆಲ್ ಟ್ಯಾಂಕು ತುಂಬಿತ್ತೇ, ತಾಡಪತ್ರಿ, ಜಾಕಿ, ಕ್ಲೀನರ್ ಒಳಗಿದ್ದರೇ. ಹಳೆಯ ಟೇರ್ ತೂಕವನ್ನೇ ಕಂಪ್ಯೂಟರಿನಲ್ಲಿ ಇಟ್ಟುಕೊಂಡು ನಡೆಸುವ ಕ್ರಷರ್‌ಗಳಲ್ಲಿ ಇದು ಖಾಯಂ. ತೇವಾಂಶದ ವಿಷಯದಲ್ಲಿ, ಡೋಲೊಮೈಟ್ ಗಟ್ಟಿ ಕಲ್ಲು, ತಾನಾಗಿ ನೀರು ಹೆಚ್ಚು ಕುಡಿಯುವುದಿಲ್ಲ. ನೀರು ಹಿಡಿಯುವುದು ಅದರ ಜೊತೆಗಿರುವ ಪುಡಿ. ಮಳೆಗಾಲದಲ್ಲಿ ಜರಡಿಯ ಕಣ್ಣು ಮೆತ್ತಿಕೊಂಡು ಪುಡಿ ಕೆಳಗೆ ಇಳಿಯದೆ ಲಾರಿಗೇ ಬೀಳುತ್ತದೆ, ಹಾಗಾಗಿ ತೇವಾಂಶದ ಕಡಿತ, ಅಂಡರ್‌ಸೈಜಿನ (ಹೇಳಿದ ಗಾತ್ರಕ್ಕಿಂತ ಸಣ್ಣ ಕಲ್ಲಿನ) ಕಡಿತ ಒಟ್ಟಿಗೇ ಬರುತ್ತವೆ. ಫರ್ನೇಸಿನವರು ಪುಡಿಗೆ ಅಷ್ಟು ಹೆದರುವುದಕ್ಕೂ ಕಾರಣ ಇದೆ: ಕೆಳಗಿನಿಂದ ಮೇಲೇರುವ ಬಿಸಿ ಗಾಳಿಯ ದಾರಿಯನ್ನು ಪುಡಿ ಮುಚ್ಚುತ್ತದೆ. ಸಿಲಿಕಾ ಹೆಚ್ಚಾದರೆ ಕಡಿತ ಇನ್ನೂ ಖಾರ, ಏಕೆಂದರೆ ಆ ಸಿಲಿಕಾವನ್ನು ಕರಗಿಸಲು ಮತ್ತಷ್ಟು ಸುಣ್ಣ, ಮತ್ತಷ್ಟು ಕೋಕ್ ಸುರಿಯಬೇಕು. ಮಣ್ಣು ಮೆತ್ತಿದ ಕಲ್ಲು ಲೋಡ್ ಆದ ದಿನವೇ ಬಿಲ್ ಕಡಿತವಾಯಿತು ಎಂದು ತಿಳಿಯಬೇಕು.

ಕಾಗದದ ಕಾಲದಲ್ಲಿ ಈ ಕಡಿತ ಬಿಲ್ಲಿನ ಕೆಳಗೆ ಒಂದು ಸಾಲು. ಈಗ ಅದಕ್ಕೆ ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಇಳಿಸಿ ಮಾರುವವರು ಕೊಡುವ ಚೀಟಿ) ಬೇಕು, ಇಲ್ಲದಿದ್ದರೆ ಎರಡೂ ಕಡೆಯ ಜಿಎಸ್‌ಟಿ ಲೆಕ್ಕ ಹೊಂದುವುದಿಲ್ಲ. ಹೊರದೇಶದಲ್ಲಿ ಕೊಳ್ಳುವವರೇ ಜಿಆರ್‌ಎನ್ ನೋಡಿ ಬಿಲ್ ಮಾಡಿಕೊಂಡು ಹಣ ಹಾಕುವ ಪದ್ಧತಿ ಇದೆ, ಸಾಫ್ಟ್‌ವೇರಿನಲ್ಲೂ ಅದಕ್ಕೆ ಜಾಗ ಇದೆ. ನಮ್ಮ ಜಿಎಸ್‌ಟಿಯಲ್ಲಿ ಮಾಲು ಹೊರಡುವಾಗಲೇ ಮಾರುವವರು ಇನ್‌ವಾಯ್ಸ್ ಕೊಡಬೇಕು. ಹಾಗಾಗಿ ಮೊದಲು ಗೊತ್ತಿಲ್ಲದ ಗುಣಮಟ್ಟಕ್ಕೆ ಬಿಲ್, ಆಮೇಲೆ ಗೊತ್ತಾದದ್ದಕ್ಕೆ ಕ್ರೆಡಿಟ್ ನೋಟ್. ಇದನ್ನು ಲಾರಿ ಲಾರಿಗೆ ಮಾಡಬೇಡಿ. ಹದಿನೈದು ದಿನಕ್ಕೊಮ್ಮೆ ಕಾರ್ಖಾನೆಯ ಲ್ಯಾಬ್ ಶೀಟು ಪೋರ್ಟಲಿನಿಂದ ಇಳಿಸಿ, ಇನ್‌ವಾಯ್ಸ್ ನಂಬರುಗಳ ಪಟ್ಟಿ ಲಗತ್ತಿಸಿ ಒಂದೇ ಕ್ರೆಡಿಟ್ ನೋಟ್ ಕೊಟ್ಟರೆ ಸಾಕು.

ಪರ್ಚೇಸ್ ಆರ್ಡರಿನ ತೊಡಕು ಎರಡು. ಆರ್ಡರು 5,000 ಟನ್ನಿಗಿದ್ದು 4,985 ಹೋಗಿದ್ದರೆ, ಮುಂದಿನ 30 ಟನ್ನಿನ ಲಾರಿಗೆ ಜಿಆರ್‌ಎನ್ ಆಗುವುದು ಆರ್ಡರಿನಲ್ಲಿ ಎಷ್ಟು ಟಾಲರೆನ್ಸ್ (ಹೆಚ್ಚು ಬಂದರೂ ಒಪ್ಪುವ ಮಿತಿ) ಇಟ್ಟಿದ್ದಾರೆ ಎನ್ನುವುದರ ಮೇಲೆ. ಮೇಲಿನ 15 ಟನ್ನಿಗೆ ಜಾಗವಿಲ್ಲದಿದ್ದರೆ ಲಾರಿ ಗೇಟಿನಲ್ಲಿ ನಿಲ್ಲುತ್ತದೆ, ಇಲ್ಲವೇ ಮಾಲು ಒಳಗೆ ಹೋಗಿ ದಾಖಲೆ ಹೊರಗೆ ಉಳಿಯುತ್ತದೆ. ಎರಡನೆಯದೇ ಕೆಟ್ಟದ್ದು. ಶೇ 90 ಹೋದ ಕೂಡಲೇ ಹೊಸ ಆರ್ಡರಿಗೆ ಮೇಲ್ ಹಾಕುವುದು ರೂಢಿಯಾಗಬೇಕು. ಇನ್ನೊಂದು, ದರ ಏರಿಕೆಯ ತಿದ್ದುಪಡಿ. ಡೀಸೆಲ್ ಏರಿತೆಂದು ಹಿಂದಿನ ತಿಂಗಳಿಂದ ಜಾರಿಯಾಗುವಂತೆ ದರ ತಿದ್ದಿದರೂ ಆಗಲೇ ಆದ ಜಿಆರ್‌ಎನ್‌ಗಳು ಹಳೆಯ ದರದಲ್ಲೇ ಇರುತ್ತವೆ. ಅವಕ್ಕೆ ಪ್ರತ್ಯೇಕ ಸಪ್ಲಿಮೆಂಟರಿ ಬಿಲ್ ಕೊಡದೆ, ಹೊಸ ಬಿಲ್ಲುಗಳಲ್ಲೇ ಸೇರಿಸಿ ವಸೂಲು ಮಾಡಲು ಹೋದರೆ ಹೊಸವೂ ಬ್ಲಾಕ್ ಆಗುತ್ತವೆ.

ಫೌಂಡ್ರಿಗಳಿಗೆ ಇಲ್ಲಿ ಬೇರೆ ಕಂಟಕ: ತಡವಾದ ಮಾಲಿಗೆ ದಂಡ. ವಾರಕ್ಕೆ ಶೇ 0.5, ಒಟ್ಟು ಶೇ 5 ಮೀರದಂತೆ ಎನ್ನುವುದು ಆರ್ಡರುಗಳಲ್ಲಿ ಸಾಮಾನ್ಯವಾಗಿ ಕಾಣುವ ಷರತ್ತು. ಜಿಆರ್‌ಎನ್ ತಾರೀಖು ಆರ್ಡರಿನ ಡೆಲಿವರಿ ತಾರೀಖನ್ನು ದಾಟಿದರೆ ಯಂತ್ರ ತಾನೇ ಕಡಿಯುತ್ತದೆ. ಡ್ರಾಯಿಂಗ್ ಅಪ್ರೂವಲ್ ಕೊಡಲು ಕಾರ್ಖಾನೆಯೇ ಮೂರು ವಾರ ಮಾಡಿತು ಎನ್ನುವುದು ಅದಕ್ಕೆ ತಿಳಿಯದು. ಮಾಲು ಹೊರಡುವ ಮೊದಲೇ ಡೆಲಿವರಿ ತಾರೀಖು ತಿದ್ದಿಸಿಕೊಳ್ಳಿ. ಹೋದ ಮೇಲೆ ಅದೇ ತಿದ್ದುಪಡಿಗೆ ಖರೀದಿ ವಿಭಾಗ, ಬಳಸುವ ವಿಭಾಗ, ಫೈನಾನ್ಸ್ ಮೂವರ ಸಹಿ ಬೇಕಾಗುತ್ತದೆ.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಎಕ್ಸೈಜ್ ಪ್ರತಿ, ಸಿ ಫಾರ್ಮು, ಇ-ಸುಗಂ (ಮಾಲು ಸಾಗಿಸಲು ಬೇಕಿದ್ದ ರಾಜ್ಯದ ಆನ್‌ಲೈನ್ ಚೀಟಿ) ಎಲ್ಲ ಹೋದವು. ಅವುಗಳ ಜಾಗದಲ್ಲಿ ಬಂದದ್ದು ಮಾರುವವರ ರಿಟರ್ನಿಗೂ ಕೊಳ್ಳುವವರ ಕ್ರೆಡಿಟ್ಟಿಗೂ ಇರುವ ನೇರ ಗಂಟು. 2020ರಿಂದ, ಕೊಳ್ಳುವವರಿಗೆ ಎಷ್ಟು ಕ್ರೆಡಿಟ್ ಸಿಗುತ್ತದೆ ಎಂದು ತೋರಿಸುವ 2ಬಿ ಸ್ಟೇಟ್‌ಮೆಂಟ್ ಬಂತು. ನಾವು 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1 (ಮಾರಾಟದ ರಿಟರ್ನ್) ತುಂಬಿದರೆ 14ಕ್ಕೆ ಅವರ 2ಬಿಯಲ್ಲಿ ಬಿಲ್ ಕಾಣುತ್ತದೆ, ತುಂಬದಿದ್ದರೆ ತೆರಿಗೆಯ ಭಾಗ ತಡೆ. 5 ಕೋಟಿಯೊಳಗಿನ ವಹಿವಾಟಿನವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಅನುಕೂಲ ತೆಗೆದುಕೊಂಡು ಇಲ್ಲಿ ಸಿಕ್ಕಿಬೀಳುತ್ತಾರೆ. ಮೊದಲ ಎರಡು ತಿಂಗಳು ಐಎಫ್‌ಎಫ್‌ನಲ್ಲಿ (ನಡುವಿನ ತಿಂಗಳ ಬಿಲ್ ಏರಿಸುವ ಸೌಲಭ್ಯ) 13ನೇ ತಾರೀಖಿನೊಳಗೆ ಬಿಲ್ ಏರಿಸದಿದ್ದರೆ ಏಪ್ರಿಲ್ ಬಿಲ್ಲಿನ ತೆರಿಗೆ ಕಾರ್ಖಾನೆಗೆ ಕಾಣುವುದು ಜುಲೈನಲ್ಲಿ. ಐಎಫ್‌ಎಫ್‌ಗೆ ತಿಂಗಳಿಗೆ 50 ಲಕ್ಷದ ಮಿತಿಯೂ ಇದೆ. ನಮ್ಮ ಅಭಿಪ್ರಾಯದಲ್ಲಿ ಉಕ್ಕಿನ ಕಾರ್ಖಾನೆಗೆ ಮಾಲು ಕೊಡುವ ಯಾರೂ ಈ ಮೂರು ತಿಂಗಳ ಪದ್ಧತಿಗೆ ಹೋಗಬಾರದು.

2024ರ ಅಕ್ಟೋಬರಿನಿಂದ ಇನ್‌ವಾಯ್ಸ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಇದೆ. ಕೊಳ್ಳುವವರು ಪ್ರತಿ ಬಿಲ್ಲನ್ನೂ ಒಪ್ಪಬಹುದು, ತಿರಸ್ಕರಿಸಬಹುದು, ಬಾಕಿ ಇಡಬಹುದು. ಅವರು ಕ್ರೆಡಿಟ್ ನೋಟನ್ನು ತಿರಸ್ಕರಿಸಿದರೆ ಆ ತೆರಿಗೆ ತಿರುಗಿ ನಮ್ಮ ಲೆಕ್ಕಕ್ಕೇ ಬೀಳುತ್ತದೆ. ಲ್ಯಾಬ್ ಶೀಟಿನ ಪಟ್ಟಿ ಲಗತ್ತಿಸಿ ಎಂದದ್ದು ಇದಕ್ಕೇ.

ಜಿಎಸ್‌ಟಿಯಲ್ಲಿ ಸಪ್ಲೈಯರ್ ಪರವಾಗಿ ಕೆಲಸ ಮಾಡುವ ಒಂದು ನಿಯಮವೂ ಇದೆ: ಇನ್‌ವಾಯ್ಸಿನಿಂದ 180 ದಿನದೊಳಗೆ ಹಣ ಕೊಡದಿದ್ದರೆ ಕೊಳ್ಳುವವರು ತೆಗೆದುಕೊಂಡ ಕ್ರೆಡಿಟ್ ಬಡ್ಡಿ ಸಮೇತ ವಾಪಸ್ ಮಾಡಬೇಕು. ಆದ್ದರಿಂದ ಹಳೆಯ ತಂಟೆಯ ಬಿಲ್ಲುಗಳು 150 ದಿನ ದಾಟಿದ ಮೇಲೆ ಅವರ ಪಟ್ಟಿಯಲ್ಲೇ ಮೇಲೆ ಬರುತ್ತವೆ. ಮೇಲ್ ಹಾಕುವುದಕ್ಕೆ ಅದು ಒಳ್ಳೆಯ ಹೊತ್ತು.

ಇ-ಇನ್‌ವಾಯ್ಸು (ಸರಕಾರದ ಪೋರ್ಟಲಿನಲ್ಲಿ ನೋಂದಾಯಿಸುವ ಬಿಲ್) 2020ರ ಅಕ್ಟೋಬರ್ 1ಕ್ಕೆ 500 ಕೋಟಿ ವಹಿವಾಟಿನವರಿಂದ ಶುರುವಾಗಿ, 2023ರ ಆಗಸ್ಟ್ 1ಕ್ಕೆ 5 ಕೋಟಿ ಮೀರಿದವರ ತನಕ ಇಳಿಯಿತು. ಮೊದಲು ಬಿಲ್ಲಿನಲ್ಲಿ ಕಾರ್ಖಾನೆಯ ಜಿಎಸ್‌ಟಿ ನಂಬರ್ ತಪ್ಪಿದ್ದರೆ ಮೂರು ವಾರದ ನಂತರ ತಿಳಿಯುತ್ತಿತ್ತು. ಈಗ ಐಆರ್‌ಎನ್ (ಆ ನೋಂದಣಿಯ ನಂಬರ್) ಇಲ್ಲದ ಬಿಲ್ಲು ಗೇಟಿನಲ್ಲೇ ವಾಪಸ್. ಕ್ಯೂಆರ್ ಹೊಡೆದರೆ ವಿವರವೆಲ್ಲ ತಾನೇ ತುಂಬಿಕೊಳ್ಳುತ್ತದೆ. 24 ಗಂಟೆ ಕಳೆದ ಮೇಲೆ ಐಆರ್‌ಎನ್ ರದ್ದು ಮಾಡಲಾಗದು, ಕ್ರೆಡಿಟ್ ನೋಟೇ ಗತಿ. ಮಾಲು ಸಾಗಿಸುವಾಗ ಜೊತೆಗಿರಬೇಕಾದ ಇ-ವೇ ಬಿಲ್ಲಿನದು ಒಂದು ತಮಾಷೆ: ಮೇಲೆ ಹೇಳಿದ ಲಾರಿಯ ಮಾಲು ತೆರಿಗೆ ಸೇರಿ 27,000ದ ಆಚೀಚೆ, 50,000ದ ಮಿತಿಯೊಳಗೆ. ಕಾಯ್ದೆ ಕೇಳದಿದ್ದರೂ ಗೇಟಿನ ಸಾಫ್ಟ್‌ವೇರ್ ಆ ಕಾಲಂ ಖಾಲಿ ಬಿಡಲು ಒಪ್ಪದ ಕಡೆ ಮಾಡಿಯೇ ಕಳಿಸಬೇಕು. ದಾರಿಯಲ್ಲಿ ಲಾರಿ ಕೆಟ್ಟು ಬೇರೆ ಲಾರಿಗೆ ಮಾಲು ಬದಲಿಸಿದರೆ ಇ-ವೇ ಬಿಲ್ಲಿನ ಪಾರ್ಟ್ ಬಿಯಲ್ಲಿ ಗಾಡಿ ನಂಬರ್ ಬದಲಿಸಬೇಕು. ಖನಿಜದ ಪರ್ಮಿಟ್ಟಿಗೆ ಅವಧಿ ಬೇರೆ ಇರುತ್ತದೆ, ಅದೂ ಮುಗಿದಿದ್ದರೆ ಕಲ್ಲು ಕಾಯ್ದೆಬದ್ಧ ಎನ್ನುವುದಕ್ಕೆ ಸಾಕ್ಷಿ ಇಲ್ಲವಾಗುತ್ತದೆ. ಪರ್ಮಿಟ್, ಇನ್‌ವಾಯ್ಸು, ಇ-ವೇ ಮೂರರಲ್ಲೂ ಗಾಡಿ ನಂಬರ್ ಒಂದೇ ಇರಲಿ.

ಇನ್‌ವಾಯ್ಸ್ ನಂಬರಿನ ವಿಚಾರ ಸಣ್ಣದೆನಿಸಿದರೂ ಏಪ್ರಿಲ್ ತಿಂಗಳಲ್ಲಿ ಬಿಲ್ಲುಗಳ ಸಾಲನ್ನೇ ನಿಲ್ಲಿಸುತ್ತದೆ. ಹೊಸ ವರ್ಷಕ್ಕೆ 1ರಿಂದ ಶುರು ಮಾಡಿದವರ ಬಿಲ್ ಕಳೆದ ವರ್ಷದ 1ನೇ ನಂಬರಿಗೆ ಡಿಕ್ಕಿ ಹೊಡೆದು, ಎರಡು ಸಲ ಕೊಟ್ಟ ಬಿಲ್ ಎಂದು ನಿಲ್ಲುತ್ತದೆ. ನಂಬರಿನಲ್ಲೇ ವರ್ಷ ಸೇರಿಸಿ. ಒಟ್ಟು 16 ಅಕ್ಷರ ಮೀರಬಾರದು. ಅದನ್ನೇ ಒಂದು ಕಡೆ ಅಡ್ಡಗೆರೆ ಹಾಕಿ, ಇನ್ನೊಂದು ಕಡೆ ಹಾಕದೆ ಬರೆದರೆ 2ಬಿಯಲ್ಲಿ ತಾಳೆಯಾಗುವುದಿಲ್ಲ.

ಸಣ್ಣ ಉದ್ದಿಮೆಯವರ ಮಟ್ಟಿಗೆ ಇತ್ತೀಚಿನ ದೊಡ್ಡ ಬದಲಾವಣೆ ಆದಾಯ ತೆರಿಗೆಯಿಂದ ಬಂತು. 2006ರ ಎಂಎಸ್‌ಎಂಇಡಿ (ಸಣ್ಣ-ಮಧ್ಯಮ ಉದ್ದಿಮೆಗಳ) ಕಾಯ್ದೆ ಮೊದಲಿಂದಲೂ ಹೇಳುತ್ತಿತ್ತು: ಲಿಖಿತ ಒಪ್ಪಂದ ಇದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನ, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬಡ್ಡಿ ಕೇಳಿ ಗಿರಾಕಿಯನ್ನು ಕಳೆದುಕೊಳ್ಳುವ ಧೈರ್ಯ ಯಾರಿಗಿತ್ತು? 1961ರ ಆದಾಯ ತೆರಿಗೆ ಕಾಯ್ದೆಗೆ ಸೇರಿದ 43ಬಿ(ಎಚ್) 2024-25ರ ಅಸೆಸ್‌ಮೆಂಟ್ ವರ್ಷದಿಂದ ಜಾರಿಗೆ ಬಂದಾಗ ಲೆಕ್ಕ ತಿರುಗಿತು. ಅವಧಿ ಮೀರಿ ಮಾರ್ಚ್ 31ಕ್ಕೆ ಬಾಕಿ ಉಳಿದ ಹಣ ಕಾರ್ಖಾನೆಗೆ ತೆರಿಗೆ ಲೆಕ್ಕದಲ್ಲಿ ಆ ವರ್ಷದ ಖರ್ಚಾಗಿ ಸಿಗದು, ಕೊಟ್ಟ ವರ್ಷಕ್ಕೆ ಮಾತ್ರ ಸಿಗುತ್ತದೆ. ಆಗ ಕಾರ್ಖಾನೆಗಳೇ ಉದ್ಯಮ್ ಸರ್ಟಿಫಿಕೇಟ್ (ಸಣ್ಣ ಉದ್ದಿಮೆಯ ನೋಂದಣಿ ಪತ್ರ) ಕೇಳತೊಡಗಿದವು. ಕೇಳಿ ಅದರಲ್ಲಿ ಎರಡು ಸಾಲು ನೋಡುತ್ತಾರೆ: ಮೈಕ್ರೋ ಅಥವಾ ಸ್ಮಾಲ್ ಹೌದೋ ಅಲ್ಲವೋ, ಚಟುವಟಿಕೆ ಉತ್ಪಾದನೆ-ಸೇವೆಯೋ ವ್ಯಾಪಾರವೋ. ಮೀಡಿಯಂನವರಿಗೂ, ಬರೀ ಕೊಂಡು ಮಾರುವವರಿಗೂ ಈ ರಕ್ಷಣೆ ಇಲ್ಲ.

45 ದಿನ ಎಣಿಸುವುದು ಎಲ್ಲಿಂದ ಎನ್ನುವುದರಲ್ಲೇ ಜಗಳ. ಕಾಯ್ದೆ ಎಣಿಸುವುದು ಮಾಲು ಸ್ವೀಕಾರವಾದ ದಿನದಿಂದ. ಮಾಲು ತಲುಪಿದ 15 ದಿನದೊಳಗೆ ಲಿಖಿತ ತಕರಾರು ಬರದಿದ್ದರೆ ತಲುಪಿದ ದಿನವೇ ಸ್ವೀಕಾರದ ದಿನ. ಯಂತ್ರದಲ್ಲಿ ಮಾತ್ರ ‘ಬೇಸ್‌ಲೈನ್’ (ದಿನ ಎಣಿಸಲು ಶುರು ಮಾಡುವ) ತಾರೀಖು ಬಿಲ್ ದಾಖಲಾದ ದಿನಕ್ಕೆ ಇಟ್ಟಿರಬಹುದು. ಅದರ ಮೇಲೆ ಪೇಮೆಂಟ್ ರನ್ (ಗಡುವಾದ ಬಿಲ್ಲುಗಳ ಹಣ ಒಟ್ಟಿಗೇ ಕಳಿಸುವುದು) ವಾರಕ್ಕೆ ಎರಡೇ ಸಲ ಇದ್ದರೆ, ಶನಿವಾರ ಗಡುವಿನ ಬಿಲ್ ಮಂಗಳವಾರಕ್ಕೆ ಹೋಗುತ್ತದೆ. ಆರ್ಡರು ಕೈಗೆ ಬಂದಾಗಲೇ "ಜಿಆರ್‌ಎನ್ ತಾರೀಖಿನಿಂದ" ಎಂದಿದೆಯೇ ನೋಡಿಕೊಳ್ಳಿ.

ಕಾಯಲು ಆಗದವರಿಗೆ ಟ್ರೆಡ್ಸ್ (ಬಿಲ್ಲಿನ ಮೇಲೆ ಬ್ಯಾಂಕಿನಿಂದ ಮೊದಲೇ ಹಣ ಪಡೆಯುವ ಆನ್‌ಲೈನ್ ವ್ಯವಸ್ಥೆ) ಇದೆ. ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್‌ವಾಯ್ಸ್‌ಮಾರ್ಟ್ ಹಳೆಯ ವೇದಿಕೆಗಳು. ಕಾರ್ಖಾನೆ ಬಿಲ್ಲನ್ನು ಅಲ್ಲಿ ಒಪ್ಪಿದರೆ ಬ್ಯಾಂಕುಗಳು ದರ ಕೂಗುತ್ತವೆ, ಒಪ್ಪಿದ ದರ ಕಳೆದು ಹಣ ಒಂದೆರಡು ದಿನದಲ್ಲಿ ಖಾತೆಗೆ. ಗಡುವಿನ ದಿನ ಕಾರ್ಖಾನೆ ಬ್ಯಾಂಕಿಗೆ ಕೊಡದಿದ್ದರೂ ನಮ್ಮ ಬೆನ್ನು ಹತ್ತುವ ಹಾಗಿಲ್ಲ. ಆದರೆ ಕಾರ್ಖಾನೆ ಒಪ್ಪುವುದು ಕಡಿತ ಕಳೆದ ನಿವ್ವಳ ಮೊತ್ತವನ್ನು. ಕ್ರೆಡಿಟ್ ನೋಟ್ ಬಾಕಿ ಇದ್ದರೆ ಇಲ್ಲಿಯೂ ದಾರಿ ಇಲ್ಲ.

ಬ್ಯಾಂಕ್ ಖಾತೆಯ ಬಗ್ಗೆ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ಕ್ಕೆ ಕೆನರಾದಲ್ಲಿ ಸೇರಿತು, ಹಳೆಯ ಐಎಫ್‌ಎಸ್‌ಸಿ 2021ರ ಜುಲೈಗೆ ನಿಂತಿತು. ಆ ಕೋಡೇ ವೆಂಡರ್ ಮಾಸ್ಟರಿನಲ್ಲಿ (ಕಾರ್ಖಾನೆಯಲ್ಲಿರುವ ಸಪ್ಲೈಯರ್‌ಗಳ ವಿವರದಲ್ಲಿ) ಉಳಿದಿದ್ದವರ ಹಣ ಹೋಗಿ ಹಾಗೇ ವಾಪಸ್ ಬಂತು, ವಾಪಸ್ ಬಂದದ್ದನ್ನು ಮತ್ತೆ ಕಳಿಸಲು ಹೊಸ ರನ್ ಬೇಕು. ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆದಾಗಲೂ ಅಲ್ಲಿ ಖಾತೆ ಇದ್ದ ಲಾರಿ ಮಾಲೀಕರು ವಿವರ ನೋಡಿಕೊಳ್ಳಬೇಕಾಯಿತು. ಖಾತೆ ಬದಲಿಸುವುದು ಈಗ ಮೊದಲಿನಷ್ಟು ಸುಲಭ ಅಲ್ಲ: ಲೆಟರ್‌ಹೆಡ್, ರದ್ದು ಮಾಡಿದ ಚೆಕ್, ಒಂದು ರೂಪಾಯಿ ಹಾಕಿ ಹೆಸರು ನೋಡುವ ಪರೀಕ್ಷೆ, ಹಳೆಯ ಫೋನ್ ನಂಬರಿಗೇ ಕರೆ. ಸಪ್ಲೈಯರ್ ಹೆಸರಿನಲ್ಲಿ ನಕಲಿ ಮೇಲ್ ಕಳಿಸಿ ಖಾತೆ ಬದಲಿಸುವ ಮೋಸ ಹೆಚ್ಚಾದ ಮೇಲೆ ಬಂದ ಬಿಗಿ ಇದು, ಬೇಜಾರಾಗಬಾರದು.

ಇನ್ನು ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಕಡಿಯುವ ಆದಾಯ ತೆರಿಗೆ. 2021ರ ಜುಲೈ 1ರಿಂದ 1961ರ ಕಾಯ್ದೆಯ 194ಕ್ಯೂ ಅಡಿ, 50 ಲಕ್ಷ ಮೀರಿದ ಖರೀದಿಗೆ ಶೇ 0.1. ಲಾರಿ ಬಾಡಿಗೆಗೆ 194ಸಿ: ಹತ್ತು ಅಥವಾ ಕಡಿಮೆ ಗಾಡಿ ಇದ್ದವರು ಪ್ಯಾನ್ ಜೊತೆ ಘೋಷಣೆ ಕೊಟ್ಟರೆ ಕಡಿತ ಇಲ್ಲ. ಅದನ್ನು ಪ್ರತಿ ಏಪ್ರಿಲ್‌ನಲ್ಲಿ ಹೊಸದಾಗಿ ಕೊಡಿ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ಟಿಡಿಎಸ್ ಕಲಮುಗಳು 393ರಡಿ ಒಟ್ಟಾದ್ದರಿಂದ ಹಳೆಯ ನಂಬರ್ ಮುದ್ರಿಸಿದ ಘೋಷಣೆ ಫಾರ್ಮುಗಳನ್ನು ಬದಲಿಸಬೇಕು.

ವರ್ಷದ ಕೊನೆಗೆ ಬ್ಯಾಲೆನ್ಸ್ ಕನ್‌ಫರ್ಮೇಶನ್ (ಬಾಕಿ ಮೊತ್ತ ಸರಿ ಎಂದು ಒಪ್ಪುವ ಪತ್ರ) ಬಂದಾಗ ಮೊತ್ತ ನೋಡಿ ಸಹಿ ಹಾಕಬೇಡಿ. "ನಮ್ಮ ಬಿಲ್ ಯಾವುವು ಬಾಕಿ ಅದಾವ್ರೀ?" ಎಂದು ಕೇಳಿದರೆ ದಾಖಲಾದ ಬಿಲ್ಲುಗಳ ಪಟ್ಟಿಯಷ್ಟೇ ಬರುತ್ತದೆ. ಕೇಳಬೇಕಾದದ್ದು ನಮ್ಮ ವೆಂಡರ್ ಕೋಡಿನಲ್ಲಿ ಜಿಆರ್‌ಎನ್ ಆಗಿ ಇನ್‌ವಾಯ್ಸ್ ಆಗದ ಸಾಲುಗಳ ಪಟ್ಟಿ. ಮಾಲು ಒಳಗೆ ಹೋಗಿ ಬಿಲ್ ಕಳೆದ ಲಾರಿಗಳೆಲ್ಲ ಅಲ್ಲಿ ಸಿಗುತ್ತವೆ, ಅವರ ಅಕೌಂಟ್ಸಿನವರಿಗೂ ತಿಂಗಳ ಕೊನೆಗೆ ಆ ಸಾಲು ಖಾಲಿಯಾಗುವುದೇ ಬೇಕಿರುತ್ತದೆ. ಅದೇ ಪಟ್ಟಿಯಿಂದ ಕಡಿತದ ಕ್ರೆಡಿಟ್ ನೋಟುಗಳನ್ನೂ ಮುಗಿಸಿ. ಹಿಂದಿನ ಹಣಕಾಸು ವರ್ಷದ ಬಿಲ್ಲುಗಳಿಗೆ ತೆರಿಗೆ ಇಳಿಸಿಕೊಳ್ಳುವ ಕ್ರೆಡಿಟ್ ನೋಟನ್ನು ರಿಟರ್ನಿನಲ್ಲಿ ತೋರಿಸಲು ನವೆಂಬರ್ 30 ಕೊನೆಯ ದಿನ. ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಹಾಕಿದ್ದರೆ ಆ ದಿನಕ್ಕೇ ಮುಗಿಯಿತು.